ಕುರ್ಚಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಕುರ್ಚಿಯವರ ನಾಲ್ಕೂ ಪಾದಗಳಿಗೆ ಗುಂಡ್ಲುಪೇಟೆಯ ತಾತನೊಬ್ಬ ಮಾಡುವ ನಮಸ್ಕಾರಗಳು.

ನಿಮಗೂ ನಮ್ಮ ಜಿಲ್ಲೆಗೂ ಹಳೆಯ ವೈಮನಸ್ಯ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯನ್ನು ನೀವು ಕೆಡವಿಬಿಡುತ್ತೀರಂತೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ ಎಂದು ಬೆರಳು ಮಡಿಸಿ ಲೆಕ್ಕ ಹೇಳುವವರು ಇಂದಿಗೂ ಸಿಗುತ್ತಾರೆ. 1997ರಲ್ಲಿ ನಾವು ಪ್ರತ್ಯೇಕ ಜಿಲ್ಲೆಯಾದರೂ ದೊಡ್ಡವರ ಅಂಜಿಕೆ ಹೋಗಲಿಲ್ಲ. ಕೊನೆಗೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿ, 2018ರವರೆಗೆ ಐದು ವರ್ಷ ನಿಮ್ಮ ಮೇಲೆಯೇ ಕೂತು, ನಿಮ್ಮ ಮರ್ಯಾದೆ ಕಳೆದರು. ಅದಿರಲಿ. ನಮ್ಮೂರಿಗೆ ಬಂದು ಕಳೆದುಹೋದ ಕುರ್ಚಿಗಳೆಲ್ಲ ಎಲ್ಲಿಗೆ ಹೋದವು? ಮಾದಪ್ಪನಾಣೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಕಡೆಗಂತೂ ಬಂದಿಲ್ಲ. ಹದಿನೆಂಟು ದಿನದಿಂದ ಹುಡುಕುತ್ತಿದ್ದೇನೆ.

ಮೊಮ್ಮಗಳು ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಲು ಅವಸರ ಮಾಡಿದಳು. ತೂಕ 1,400 ಗ್ರಾಂ. ಸರ್ಕಾರಿ ಲೆಕ್ಕದಲ್ಲಿ 1,800 ಗ್ರಾಮಿಗಿಂತ ಹಗುರಾದವರಿಗೆ ತಾಲ್ಲೂಕು ಮಟ್ಟದ ಘಟಕ ಸಾಲದು, ಜಿಲ್ಲಾ ಮಟ್ಟದ ವಿಶೇಷ ಘಟಕವೇ ಆಗಬೇಕು. ಕೂಸು ಎಷ್ಟು ಹಗುರವೋ ದಾರಿ ಅಷ್ಟು ಉದ್ದ. ತೆರಕಣಾಂಬಿ ಮೇಲೆ ಹೋದರೆ ಚಾಮರಾಜನಗರ; ಬೇಗೂರು, ನಂಜನಗೂಡು ದಾಟಿದರೆ ಮೈಸೂರು. ನಾವು ಯಾವ ದಾರಿ ಹಿಡಿದೆವು, ಯಾವ ಆಸ್ಪತ್ರೆ ಎಂದು ಕೇಳಬೇಡಿ. ಕೂಸು ಉಸಿರಾಡುತ್ತಿದೆ, ಆ ಋಣ ದೊಡ್ಡದು.

"ಕೂಸ ಪೆಟ್ಗೆಲಿ ಮಡಗವ್ರೆ" ಎಂದು ನನ್ನಾಕೆ ನೆಂಟರಿಗೆಲ್ಲ ಫೋನು ಮಾಡಿದಳು. ಪೆಟ್ಟಿಗೆಯೆಂದರೆ ಮೇಲಿನಿಂದ ಶಾಖ ಬೀಳುವ ವಾರ್ಮರು. ಅಷ್ಟು ಹಗುರಾದ ಮೈಯಲ್ಲಿ ಕೊಬ್ಬಿಲ್ಲ, ಶಾಖ ನಿಲ್ಲುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಜಾಣತನ ಇನ್ನೂ ಬಂದಿಲ್ಲ. ಅದಕ್ಕೇ ಮೂಗಿಗೊಂದು ಸಣ್ಣ ನಳಿಕೆ, ಅದರಲ್ಲಿ ತಾಯಿಯ ಹಾಲು. ಹಿಂಡಿದ ಹಾಲಿನ ಬಟ್ಟಲಿಗೆ ಎರಡು ಗಂಟೆಗೊಮ್ಮೆ ಒಳಗೆ ಪ್ರವೇಶ. ಹಿಂಡಿದವಳಿಗೆ ಸಂಜೆ ಒಂದೇ ಸಲ.

ಉಳಿದ ಹೊತ್ತೆಲ್ಲ ನನ್ನ ಮಗಳು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಹೊರಗೆ ಚಾಪೆಯ ಮೇಲೆ. ತಣ್ಣೀರು ಮುಟ್ಟಬೇಡ, ಗಾಳಿಗೆ ಕೂರಬೇಡ ಎಂದು ಬಾಣಂತಿಗೆ ನೂರು ಕಟ್ಟಳೆ ಹೇಳುವ ನನ್ನಾಕೆ, ಆ ತಣ್ಣನೆಯ ಟೈಲ್ಸು ಕಂಡು ಮಾತು ನಿಲ್ಲಿಸಿದಳು. ಯಾಕಮ್ಮ ಒಳಗೆ ಬಿಡುವುದಿಲ್ಲ ಎಂದು ಕೇಳಿದೆ. "ಸೋಂಕಾಯ್ತದೆ ತಾತ. ಬಿಟ್ರೂ ಕೂರಿಸೋಕೆ ಕುರ್ಚಿ ಎಲ್ಲದೆ?" ಎಂದರು ಸಿಸ್ಟರು. ಅವರನ್ನು ಬೈಯಲಾರೆ. ಅಷ್ಟು ಪೆಟ್ಟಿಗೆಗಳ ನಡುವೆ ಅವರೂ ರಾತ್ರಿಯಿಡೀ ಕೂತಿದ್ದನ್ನು ನಾನು ಕಂಡಿಲ್ಲ.

ಸ್ವಾಮಿ ಕುರ್ಚಿಯವರೇ, ನೀವು ಔಷಧವೆಂಬುದು ನಿಮಗೇ ತಿಳಿದಂತಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಅದಕ್ಕೆ ಕಾಂಗರೂ ಆರೈಕೆ ಎಂದು ಹೆಸರು. (ನಮ್ಮ ಬಂಡೀಪುರದ ಮುಸುವಗಳು ಮರಿಯನ್ನು ಎದೆಗವಚಿಕೊಂಡೇ ಕೊಂಬೆಯಿಂದ ಕೊಂಬೆಗೆ ಹಾರುತ್ತವೆ. ಕೀರ್ತಿ ಮಾತ್ರ ಆಸ್ಟ್ರೇಲಿಯಾಕ್ಕೆ ಹೋಯಿತು.) 2021ರಲ್ಲಿ ಐದು ದೇಶಗಳ ಐದು ಆಸ್ಪತ್ರೆಗಳ ಅಧ್ಯಯನ ಹೊರಬಂತು, ದೆಹಲಿಯ ಸಫ್ದರ್‌ಜಂಗ್ ಅವುಗಳಲ್ಲಿ ಒಂದು. ಒಂದು ಕಿಲೋದಿಂದ 1,800 ಗ್ರಾಮಿನೊಳಗಿನ ಕೂಸುಗಳನ್ನು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದೆಗೆ ಹಾಕಿ, ದಿನಕ್ಕೆ ಸುಮಾರು 17 ಗಂಟೆ ಹಾಗೆಯೇ ಇಟ್ಟುಕೊಂಡರು. ಮೊದಲ 28 ದಿನಗಳ ಸಾವು ಕಾಲು ಭಾಗ ಇಳಿಯಿತು. ಆ ಘಟಕಗಳಲ್ಲಿ ತಾಯಿಗೂ ಒಳಗೇ ಜಾಗ. 17 ಗಂಟೆ ನಿಂತುಕೊಂಡೇ ಎತ್ತಿಕೊಳ್ಳಲಾದೀತೇ? ಮಂಚ ಬೇಕು, ಇಲ್ಲವೇ ಒರಗಿಕೊಳ್ಳಲು ನೀವು ಬೇಕು.

ಮನೆಯವರಿಗೆ ಕೈ ತೊಳೆಸಿ, ಗೌನು ತೊಡಿಸಿ, ಒಳಗೆ ಕರೆದು ಆರೈಕೆ ಕಲಿಸಿ ಎಂದು ಕೇಂದ್ರ ಸರ್ಕಾರವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಮ್ಮ ಪಕ್ಕದಲ್ಲೇ ಎಲ್ಲೋ ಕೂತಿರಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಬಾಣಂತಿಯ ಊಟಕ್ಕೆ ಮಾತ್ರ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಎಂಬ ಲೆಕ್ಕ. ಗ್ರಾಮು ಗ್ರಾಮಾಗಿ ಬೆಳೆಯುವ ಕೂಸಿಗೆ ಈ ಲೆಕ್ಕ ಯಾರೂ ಹೇಳಿರಲಿಲ್ಲ. ಅಳಿಯ ಅರಿಶಿನದ ಹೊಲ ಬಿಟ್ಟು ಬಂದು ಕ್ಯಾಂಟೀನಿನ ಕ್ಯೂನಲ್ಲಿ ನಿಂತಿದ್ದಾನೆ.

ವಿಧಾನಸೌಧದಲ್ಲಿರುವ ತಮ್ಮನ್ನೇ ಕರೆಯುವಷ್ಟು ಧೈರ್ಯ ನಮಗಿಲ್ಲ. ನಿಮ್ಮ ದಾಯಾದಿಗಳಾದ ಪ್ಲಾಸ್ಟಿಕ್‌ನವರಲ್ಲಿ ಒಬ್ಬರನ್ನು ಕಳಿಸಿದರೆ ಸಾಕು. ಅವರು ಬಂದರೆ ಯಾರ ಅಧಿಕಾರವೂ ಹೋಗುವುದಿಲ್ಲ, ಹೋದರೆ ಬಾಗಿಲಿನ 'ಪ್ರವೇಶವಿಲ್ಲ' ಫಲಕದ್ದು ಹೋದೀತು. ಕಾಲು ಸೊಟ್ಟಗಿದ್ದರೂ ಪರವಾಗಿಲ್ಲ. ಹುರಿ ನಮ್ಮ ಚೀಲದಲ್ಲಿದೆ, ಕಟ್ಟಿಕೊಳ್ಳುತ್ತೇವೆ.

ನಿನ್ನೆಗೆ ಕೂಸು 1,480 ಗ್ರಾಂ.

ಇಂತಿ,
ನೆಲದ ಮೇಲೆ ಕೂತು ಬರೆದ
ಕೂಸಿನ ತಾತ