ಆಡಿನೋಡಣ್ಣ

ಮುಳಬಾಗಿಲಿನಿಂದ ಸುಮಾರು 10 ಕಿ.ಮೀ. ದೂರದ ಕುರುಡುಮಲೆ ಶುರು ಮಾಡುವವರ ಊರು. ಇಲ್ಲಿನ ಏಕಶಿಲಾ ಗಣಪ ಸುಮಾರು 13 ಅಡಿ ಎತ್ತರದವನು. ತ್ರಿಪುರಾಸುರನ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ತ್ರಿಮೂರ್ತಿಗಳೇ ಅವನನ್ನು ಪ್ರತಿಷ್ಠಾಪಿಸಿದರು ಅನ್ನುತ್ತದೆ ಸ್ಥಳಪುರಾಣ. ತ್ರಿಮೂರ್ತಿಗಳಿಗೆ ಬೇಕಾದವನು ರಾಜಕಾರಣಿಗಳಿಗೆ ಬೇಡವಾಗುತ್ತಾನೆಯೇ? 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆಗೆ ಹೊರಟಿದ್ದು ಇಲ್ಲಿಂದಲೇ. ಅದೇ ವರ್ಷ ಮುಖ್ಯಮಂತ್ರಿಯೂ ಆದರು. 2023ರ ಚುನಾವಣೆಗೆ ಮುಂಚೆ ಪಂಚರತ್ನ ಯಾತ್ರೆಯವರೂ ಬಂದರು, ಪ್ರಜಾಧ್ವನಿ ಯಾತ್ರೆಯವರೂ ಬಂದರು. ಗಣಪ ಇಬ್ಬರಿಂದಲೂ ಪೂಜೆ ಮಾಡಿಸಿಕೊಂಡ. ಫಲಿತಾಂಶದ ಹೊಣೆ ಮಾತ್ರ ಹೊರಲಿಲ್ಲ.

ಇಂಥ ನೆಲದ ಗಾಳಿ ಕುಡಿದು ಬೆಳೆದವನು ನಮ್ಮ ಆಡಿನೋಡಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ಊರಲ್ಲಿ ನಡೆಯುವುದು ಇದೇ. ಕಂಡಕಂಡವರ ಮುಂದೆ ಫೋನು ಹಿಡಿದು ‘ಒಂದ್ಸಲ ಆಡಿ ನೋಡಣ್ಣ’ ಎಂದು ದುಂಬಾಲು ಬಿದ್ದು ಬಿದ್ದು ಸಂಪಾದಿಸಿದ ಬಿರುದು. ನಿಮ್ಮೂರಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಹೆಸರು ಬೇರೆ, ಹಠ ಒಂದೇ.

ವಯಸ್ಸು ಇಪ್ಪತ್ತೆಂಟರ ಆಚೀಚೆ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿನ ಕೆಲಸ. ಹೋಗಿಬರುವ ಕಂಪನಿ ಬಸ್ಸೇ ಅವನ ಕಾರ್ಯಕ್ಷೇತ್ರ. ಕಿಟಕಿ ಪಕ್ಕ ಕೂತು ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದುಕೊಂಡವರು ನರಸಾಪುರ ತಲುಪುವ ಹೊತ್ತಿಗೆ ಮೂರು ಗೇಮು ಇನ್‌ಸ್ಟಾಲ್ ಮಾಡಿಕೊಂಡಿರುತ್ತಾರೆ.

ಅವನ ಶಿಫಾರಸಿಗೆ ಒಂದು ಕ್ರಮವಿದೆ. ಮೊದಲು ಫೋನಿನ ರ‍್ಯಾಮ್ ಎಷ್ಟು ಎಂದು ಕೇಳುತ್ತಾನೆ. ನಾಲ್ಕು ಜೀಬಿ ಅಂದರೆ ತುಟಿಯಲ್ಲೇ ಲೊಚಗುಟ್ಟಿ, ‘ಪರವಾಗಿಲ್ಲ ಬಿಡಣ್ಣ, ನಿಂಗೂ ಒಂದು ಐತೆ’ ಎಂದು ಧೈರ್ಯ ಹೇಳುತ್ತಾನೆ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಹಿರಿಯರು ಗೋತ್ರ ಕೇಳುವುದಕ್ಕೂ ಮುಂಚೆ ಇವನು ರ‍್ಯಾಮ್ ಕೇಳಿದ. ಗಂಡು ಹನ್ನೆರಡು ಅಂದ. ಇವನು ಒಳಗೆ ಹೋಗಿ, ‘ಕೊಡಬೋದು ಕಣಮ್ಮ, ಒಳ್ಳೆ ಮನೆತನ’ ಅಂದ.

ರ‍್ಯಾಮ್ ತಿಳಿದ ಮೇಲೆ ಎದುರಿಗಿರುವವನಿಗೆ ಏನು ಇಷ್ಟ, ಬಿಡುವು ಎಷ್ಟು ಎಂದು ಕೇಳಬೇಕಲ್ಲ? ಅದನ್ನು ಮಾತ್ರ ಅವನು ಕೇಳುವುದಿಲ್ಲ. ಆ ತಿಂಗಳು ತನಗೆ ಯಾವುದು ಹಿಡಿಸಿದೆಯೋ ಅದೇ ಮದ್ದು. ದೇವಸ್ಥಾನದ ಮುಂದೆ ಗರಿಕೆ ಮಾರುವ ಅಜ್ಜಿಗೂ ಅದೇ, ಡಿಗ್ರಿ ಫೇಲಾದ ಹುಡುಗನಿಗೂ ಅದೇ. ಬೇಜಾರಾಯಿತು ಅಂದರೆ ಅದಕ್ಕೂ ಉತ್ತರ ಸಿದ್ಧ: ‘ಮೊದಲ ಹತ್ತು ಗಂಟೆ ಬೋರು ಹೊಡೀತೈತೆ ಅಣ್ಣ. ಆಮೇಲೆ ಸೂಪರ್.’

ಕತೆ ಹೇಳಬಾರದು ಎಂಬ ನಿಯಮವನ್ನೂ ಅವನು ನಿಷ್ಠೆಯಿಂದ ಪಾಲಿಸುತ್ತಾನೆ. ‘ರೆಡ್ ಡೆಡ್ ರಿಡೆಂಪ್ಷನ್ 2 ಆಡಣ್ಣ. ಕತೆ ಹೇಳಲ್ಲ, ನೀನೇ ಆಡಿ ನೋಡು. ಒಂದೇ ಒಂದು ಮಾತು ಹೇಳ್ತೀನಿ, ಹೀರೋಗೆ ಟೀಬಿ ಬರ್ತೈತೆ.’ ಮುಂದೆ ಆಡಲು ಉಳಿಯುವುದು ಕುದುರೆ ಸವಾರಿ ಮಾತ್ರ. ಕಂಪ್ಯೂಟರಿನಲ್ಲಿ ಆ ಗೇಮು ಕೂರಬೇಕಾದರೆ 150 ಜೀಬಿ ಜಾಗ ಬೇಕು. ದಿನಕ್ಕೆ ಒಂದೂವರೆ ಜೀಬಿ ಪ್ಯಾಕಿನಲ್ಲಿ ಇಳಿಸಿಕೊಳ್ಳಲು ಕೂತರೆ ನೂರು ದಿನ. ಅಷ್ಟರಲ್ಲಿ ಹೀರೋ ಟೀಬಿಯಿಂದ ಗುಣವಾದರೂ ಆದಾನು.

ಇತಿಹಾಸದಲ್ಲಿ ಅವನು ಪಂಡಿತ. ಪಬ್‌ಜಿ ನಿಷೇಧವಾದದ್ದು 2020ರ ಸೆಪ್ಟೆಂಬರ್ 2ರಂದು. ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರುಜನ್ಮ ಪಡೆದದ್ದು 2021ರ ಜುಲೈ 2ರಂದು. ಮರುವರ್ಷ ಜುಲೈ ಕೊನೆಗೆ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಫ್ರೀ ಫೈರ್‌ಗೆ ಕುತ್ತು ಬಂದದ್ದು 2022ರ ಫೆಬ್ರುವರಿ 14ಕ್ಕೆ, ಪ್ರೇಮಿಗಳ ದಿನವೇ. ಇಷ್ಟನ್ನೂ ತಡವರಿಸದೆ ಒಪ್ಪಿಸುವವನು ಅಕ್ಕನ ಮದುವೆ ಯಾವ ತಿಂಗಳಲ್ಲಿ ಆಯಿತು ಅಂದರೆ ಬೆರಳು ಮಡಿಸಲು ಶುರು ಮಾಡುತ್ತಾನೆ.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಒಂದಿದೆ. ಅದರಲ್ಲಿ ಇಲ್ಲದ ಗೇಮಿಲ್ಲ, ಮುಗಿದ ಗೇಮೂ ಇಲ್ಲ. ನಮ್ಮೂರ ಸೋಮೇಶ್ವರ ದೇವಸ್ಥಾನದಲ್ಲಿ ಅರ್ಧವನ್ನು ಜಕಣಾಚಾರಿಯೂ ಉಳಿದರ್ಧವನ್ನು ಮಗ ಡಂಕಣನೂ ಕಡೆದರು ಎಂಬ ಮಾತಿದೆ. ಆಡಿನೋಡಣ್ಣನದೂ ಎಲ್ಲ ಅರ್ಧರ್ಧವೇ. ಪೂರ್ತಿ ಮಾಡಬೇಕಾದ ಡಂಕಣ ಹುಟ್ಟಲು ಇವನಿಗಿನ್ನೂ ಮದುವೆಯಾಗಿಲ್ಲ. ಯಾಕಪ್ಪಾ ಒಂದನ್ನೂ ಮುಗಿಸಿಲ್ಲ ಅಂದರೆ, ‘ಟೈಮೆಲ್ಲೈತಣ್ಣ, ಹೇಳೋಕೇ ಸಾಲ್ದು’ ಅನ್ನುತ್ತಾನೆ. ಮಾತು ಸುಳ್ಳಲ್ಲ. ಬಸ್ಸಿನಲ್ಲಿ ಐವತ್ತು ಸೀಟು, ನಿಂತವರು ಬೇರೆ.

ಇಂಥವನು ಒಂದು ದಿನ ಸೋದರಮಾವನಿಗೆ ಗಂಟುಬಿದ್ದ. ಮಾವ ಎರಡು ಎಕರೆಯಲ್ಲಿ ಟೊಮೇಟೊ ಬೆಳೆದು ಎನ್. ವಡ್ಡಹಳ್ಳಿ ಮಾರುಕಟ್ಟೆಗೆ ಹಾಕುವವರು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದ್ದನ್ನೂ ಕಂಡವರು, ಕೊಯ್ಲಿನ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದದ್ದನ್ನೂ ಕಂಡವರು. ಅಂಥವರಿಗೆ ಇವನು ಹೇಳಿದ್ದು ಬೇಸಾಯದ ಗೇಮು, ಸ್ಟಾರ್‌ಡ್ಯೂ ವ್ಯಾಲಿ.

‘ಅಮೆರಿಕದಾಗೆ ಒಬ್ಬನೇ ಒಬ್ಬ ನಾಲ್ಕು ವರ್ಷಕ್ಕಿಂತ ಜಾಸ್ತಿ ಕೂತು ಮಾಡವ್ನೆ ಮಾಮ. ಚಿತ್ರ, ಸಂಗೀತ ಎಲ್ಲಾ ಅವನದೇ. 2016ರಾಗೆ ಬಂತು. ಟೊಮೇಟೊನೂ ಬೆಳೀಬೋದು.’

‘ಬೆಳಗಿಂದ ಸಂಜೆಗಂಟ ಅದನ್ನೇ ಮಾಡಿ ಬಂದಿವ್ನಿ. ರಾತ್ರಿ ಫೋನಾಗೂ ಮಾಡ್ಲಾ?’

‘ಇದರಾಗೆ ಹನ್ನೊಂದು ದಿನಕ್ಕೇ ಹಣ್ಣು ಮಾಮ. ಆಮೇಲೆ ನಾಲ್ಕು ದಿನಕ್ಕೊಂದು ಕೊಯ್ಲು.’

ಮಾವನ ಕಿವಿ ನಿಮಿರಿತು. ‘ಬೀಜ?’

‘ಐವತ್ತು. ಹಣ್ಣಿಗೆ ಅರವತ್ತು.’

‘ಅರವತ್ತು ಇವತ್ತು. ನಾಳೆ?’

‘ನಾಳೆನೂ ಅರವತ್ತೇ ಮಾಮ. ಅದು ಇಳಿಯಲ್ಲ.’

‘ಯಾರ ಮಂಡಿಗೆ ಹಾಕ್ಬೇಕು? ಕಮಿಷನ್ ಎಷ್ಟು?’

‘ಮಂಡಿನೇ ಇಲ್ಲ. ಮನೆ ಮುಂದೆ ಒಂದು ಪೆಟ್ಟಿಗೆ ಐತೆ. ಅದರೊಳಗೆ ಹಾಕಿ ಮಲಗಿದ್ರೆ ಬೆಳಗಾಗೋದ್ರೊಳಗೆ ದುಡ್ಡು ಬಂದಿರ್ತೈತೆ.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೋರು ಎಷ್ಟು ಅಡಿ ಕೊರೀಬೇಕು?’ ಅಂದರು. ಸಾವಿರ ಅಡಿ ದಾಟಿದರೂ ಬರೀ ದೂಳು ಕಂಡ ಜಿಲ್ಲೆಯ ಪ್ರಶ್ನೆ ಅದು. ಜಮೀನಿನಲ್ಲೇ ಕುಂಟೆ ಇದೆ, ಯಾವತ್ತೂ ಬತ್ತುವುದಿಲ್ಲ ಅಂದಾಗ ಮಾವ ಸೋತರು. ಆ ಗೇಮಿಗೆ ದುಡ್ಡು ಕೊಡಬೇಕು. ಆಡಿನೋಡಣ್ಣ ತನ್ನ ಕಿಸೆಯಿಂದಲೇ ಕೊಟ್ಟು ಹಾಕಿಸಿದ. ಈ ಜಾತಿಯವರ ದೊಡ್ಡ ಗುಣ ಇದು. ನಿಮ್ಮ ನಿದ್ದೆ ಕೆಡಿಸಲು ಸ್ವಂತ ದುಡ್ಡು ಹಾಕುತ್ತಾರೆ.

ಆಮೇಲೆ ಅವನು ಮಾವನನ್ನು ಮರೆತು ಬೇರೆ ಗೇಮಿಗೆ, ಬೇರೆ ಬಲಿಗೆ ಹೋದ. ಮಾವ ಮರೆಯಲಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬರುವ ತನಕ ಪಂಪ್‌ಸೆಟ್ ಮನೆಯಲ್ಲಿ ಕಾಯುವ ರೈತನಿಗಿಂತ ಶ್ರದ್ಧೆಯ ಆಟಗಾರ ಯಾರಿದ್ದಾರೆ? ಅರ್ಥವಾಗದ ಇಂಗ್ಲಿಷನ್ನು ಪಿಯುಸಿ ಓದುವ ಮಗಳು ಬಿಡಿಸಿ ಹೇಳಿದಳು. ಕಾಗೆ ಕಾಟಕ್ಕೆ ಬೆದರುಬೊಂಬೆ ನಿಲ್ಲಿಸಬೇಕು ಅನ್ನುವುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸ್ವಲ್ಪ ದಿನದಲ್ಲೇ ವಡ್ಡಹಳ್ಳಿಯಲ್ಲಿ ಹರಾಜು ಕೂಗುವ ಮುಂಚೆ ಬಾಕ್ಸುಗಳ ಮೇಲೆ ಕೂತ ಮೂರ‍್ನಾಲ್ಕು ಮಂದಿ ರೈತರು ಫೋನು ನೋಡುತ್ತಾ, ‘ನಿಂದು ಎಷ್ಟನೇ ದಿನ?’ ಎಂದು ಮಾತಾಡಿಕೊಳ್ಳತೊಡಗಿದರು. ಎಲ್ಲ ಮಾವನ ಶಿಷ್ಯರೇ.

ಒಂದು ಭಾನುವಾರ ಮಾವ ಅಳಿಯನನ್ನು ಗಣಪನ ಗುಡಿ ಎದುರಿನ ಟೀ ಅಂಗಡಿಯಲ್ಲಿ ಹಿಡಿದರು.

‘ಏನಪ್ಪಾ, ಈ ಗೇಮಿನ ಹುಡುಗ ಕಂಪನಿ ಕೆಲಸ ಬಿಟ್ಟು ತಾತನ ಜಮೀನಿಗೆ ಬತ್ತಾನೆ. ನೀನು ತಾತನ ಜಮೀನು ಬಿಟ್ಟು ಕಂಪನಿಗೆ ಹೋದೆ. ಇದನ್ನ ಕಂಪನಿ ಬಸ್ಸಾಗೆ ಕೂತು ಊರಿಗೆಲ್ಲ ಹೇಳ್ತಿದ್ದೀಯಲ್ಲ, ನಿಂಗೇ ನಗು ಬರಲ್ವಾ?’

ಆಡಿನೋಡಣ್ಣ ಟೀ ಲೋಟದೊಳಗೆ ನೋಡಿದ. ‘ಅಲ್ಲಿ ಬೆಲೆ ಇಳಿಯಲ್ಲ ಮಾಮ’ ಅಂದ. ಅಂಗಡಿಯಲ್ಲಿದ್ದವರೆಲ್ಲ ಹೌದು ಹೌದು ಅಂದರು.

‘ಅದಿರಲಿ. ನೀನು ಎಷ್ಟನೇ ವರ್ಷದಾಗಿದ್ದೀಯ?’

‘ಮೊದಲನೇದು ಮಾಮ. ಆಮೇಲೆ ಬೇರೆ ಶುರು ಮಾಡ್ದೆ.’

‘ಮೊದಲನೇದಾ! ಹಂಗಾದ್ರೆ ಮೂರನೇ ವರ್ಷ ಶುರುವಾಗೋ ದಿನ ಸತ್ತ ತಾತ ಬಂದು ಜಮೀನು ಹೆಂಗಿಟ್ಟಿದ್ದೀಯ ಅಂತ ನೋಡ್ತಾನಲ್ಲ, ಅದು ಗೊತ್ತಿಲ್ವಾ?’

ಆಡಿನೋಡಣ್ಣ ಎದೆ ಹಿಡಿದುಕೊಂಡ. ಕಂಡವರಿಗೆಲ್ಲ ಟೀಬಿ ಸುದ್ದಿ ಹಂಚಿದವನಿಗೆ ಮೊದಲ ಸಲ ಸಂಕಟ ಏನೆಂದು ತಿಳಿಯಿತು. ‘ಕತೆ ಹೇಳ್ಬುಟ್ರಲ್ಲ ಮಾಮ! ಇನ್ನೇನು ಆಡ್ಲಿ?’

ಮಾವ ಟೀ ಕಾಸು ಕೊಟ್ಟು, ಹೆಗಲ ಮೇಲಿನ ಟವಲು ಕೊಡವಿದರು.

‘ಎಲ್ಲಾ ಎಲ್ಲಿ ಹೇಳಿದ್ನಪ್ಪಾ? ಆಡಿ ನೋಡು. ಮೊದಲ ಎರಡು ವರ್ಷ ಬೋರು ಹೊಡೀತೈತೆ. ಆಮೇಲೆ ಸೂಪರ್.’