ಸರಪಳಿ ಭಾವ

ನಮ್ಮ ಮಾಲೂರು ಸೀಮೆಯಲ್ಲಿ ಮಳೆಗೆ ಬರವಿರಬಹುದು, ನಿವೃತ್ತರಿಗಿಲ್ಲ. ರೈಲಿನ ನಿವೃತ್ತರಿದ್ದಾರೆ: ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಗೆ ಮಾಲೂರಿನಿಂದ ಪ್ಯಾಸೆಂಜರ್ ಗಾಡಿ ಹತ್ತಿ ಇಳಿದೇ ಆಯುಷ್ಯ ಸವೆಸಿದವರು. ಈಗಲೂ ನಸುಕಿಗೇ ಎದ್ದುಬಿಡುತ್ತಾರೆ. ಹಿಡಿಯಲು ಗಾಡಿಯಿಲ್ಲದ್ದರಿಂದ ಮನೆಯವರನ್ನು ಓಡಿಸುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಕಂಡಕ್ಟರಿಗೆ ಪಾಠ ಹೇಳದೆ ಟಿಕೆಟ್ ತೆಗೆಯದ ಮೇಷ್ಟ್ರುಗಳಿದ್ದಾರೆ. ಕೆ.ಜಿ.ಎಫ್.ನಿಂದ ಬಂದವರಿದ್ದಾರೆ, 2001ರಲ್ಲಿ ಚಿನ್ನದ ಗಣಿ ಮುಚ್ಚಿದ್ದನ್ನು ಮೊನ್ನೆ ಆದದ್ದು ಎಂಬಂತೆ ಹೇಳುತ್ತಾರೆ, ಮಾತು ಒಮ್ಮೆ ಒಳಗಿಳಿಯಿತೆಂದರೆ ಮೇಲೆ ಬರುವುದು ತಡ. ಇವರೆಲ್ಲರ ಜೊತೆ ಹೇಗೋ ಬಾಳಬಹುದು. ಬಾಳಲಾಗದ ಜೀವಿಯೆಂದರೆ ನಿವೃತ್ತ ಸರ್ವೇಯರ್. ಇದನ್ನು ನಾನು ಅಧಿಕಾರದಿಂದ ಹೇಳಬಲ್ಲೆ. ಲಕ್ಕೂರಿನಲ್ಲಿ ಅಂಥ ಒಬ್ಬರಿಗೆ ನಮ್ಮಕ್ಕನನ್ನು ಕೊಟ್ಟಿದೆ.

ಭಾವ ಭೂಮಾಪನ ಇಲಾಖೆಯವರು. ಆ ಇಲಾಖೆಯ ಹಳೆಯ ಸರಪಳಿ 33 ಅಡಿ; ಅದಕ್ಕೆ 16 ಆಣೆ; ಒಂದಾಣೆಗೆ ಎರಡಡಿ ಮುಕ್ಕಾಲಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಎಕರೆ. ಇದು ಎಲ್ಲ ಸರ್ವೇಯರಿಗೂ ಗೊತ್ತಿರುವ ಲೆಕ್ಕ. ನಮ್ಮ ಭಾವನ ವಿಶೇಷವೆಂದರೆ ಅದು ಅವರ ಕಾಲಿಗೂ ಗೊತ್ತಿದೆ. ಹೊಲಗಳಲ್ಲಿ ನಡೆದು ನಡೆದು ಅವರ ಹೆಜ್ಜೆ ಸರಿಯಾಗಿ ಒಂದಾಣೆಗೆ ಪಳಗಿಬಿಟ್ಟಿದೆ. ಹದಿನಾರು ಹೆಜ್ಜೆಗೊಂದು ಸರಪಳಿ. ನೂರು ಸರಪಳಿಗೆ ಹೆಚ್ಚುಕಮ್ಮಿ ಒಂದು ಕಿಲೋಮೀಟರು. ಮೊಮ್ಮಗಳು ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟಾಗ ಒಂದು ಬೆಳಗ್ಗೆ ಕಟ್ಟಿಕೊಂಡು ನಡೆದರು, ಮರುದಿನ ಬಿಚ್ಚಿಟ್ಟರು. "ಹನ್ನೊಂದು ಹೆಜ್ಜೆ ಜಾಸ್ತಿ ತೋರಿಸ್ತದೆ ಕಣಮ್ಮ. ಅಂಗಡಿಗೆ ವಾಪಸ್ ಕೊಡು."

ಇಂಥವರ ಜೊತೆ ನನ್ನ ಬೆಳಗಿನ ವಾಕಿಂಗು. ಡಾಕ್ಟರು ನನಗೆ ಹೇಳಿದ್ದು ಬಿರುಸಾಗಿ ನಡೆಯಿರಿ ಎಂದು. ಭಾವನ ಜೊತೆ ಬಿರುಸಾಗಿ ನಡೆಯುವುದು ಉಂಟೆ? ಪ್ರತಿ ಬದುವಿಗೂ ಒಂದು ಮೊಕದ್ದಮೆ, ಪ್ರತಿ ಮೊಕದ್ದಮೆಗೂ ಒಂದು ನಿಲುಗಡೆ. "ಇದು 47ರ 2. ಅಣ್ಣತಮ್ಮಂದಿರ ಭಾಗ. ಹುಣಸೆಮರ ಮಧ್ಯಕ್ಕೆ ಬಂತು ನೋಡು, ಹಣ್ಣು ಅಣ್ಣನಿಗೆ, ನೆರಳು ತಮ್ಮನಿಗೆ ಅಂತ ಬರೀಬೇಕಾಯ್ತು." ಮನುಷ್ಯರ ಹೆಸರು ಅವರಿಗೆ ನೆನಪಿಲ್ಲ. ಎದುರಿಗೆ ಬಂದವರು ನಮಸ್ಕಾರ ಹೇಳಿ ದಾಟಿಹೋದ ಮೇಲೆ ನನ್ನ ಕಿವಿಯಲ್ಲಿ, "ಯಾರು ಗೊತ್ತಾ? ಸರ್ವೆ ನಂಬರ್ 112, ಮೂರು ಗುಂಟೆ ಖರಾಬು" ಎನ್ನುತ್ತಾರೆ. ಆ ಮನುಷ್ಯನ ಸ್ವಭಾವದಲ್ಲೇ ಮೂರು ಗುಂಟೆ ಖರಾಬು ಇದೆಯೇನೋ ಎಂದು ನಾನು ತಿರುಗಿ ನೋಡುತ್ತೇನೆ.

ಕಥೆಗಳೇನೋ ಚೆನ್ನಾಗಿಯೇ ಇರುತ್ತವೆ, ಇಲ್ಲವೆನ್ನಲಾರೆ. ತಾಲ್ಲೂಕು ದಾಟಿದರೆ ಹೊಸೂರು. ಹಾಗಾಗಿ ನಮ್ಮ ಕಡೆ ಬದುವಿನ ಜಗಳ ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಕಾವೇರಿ, ತಮಿಳಿನಲ್ಲಿ ಕೈಗೆ ಬರುತ್ತದೆ. ಭಾವ ಮೂರೂ ಭಾಷೆಗಳಲ್ಲಿ ಬೈಸಿಕೊಂಡಿದ್ದಾರೆ. ಅಷ್ಟೂ ಬೈಗುಳ ಒಂದಕ್ಷರ ಬಿಡದೆ ನೆನಪಿದೆ. ಅಕ್ಕನ ಮದುವೆಯ ತಾರೀಖು ಮಾತ್ರ ನೆನಪಿಲ್ಲ. "ಲಕ್ಕೂರು ಹೋಬಳಿ ಪೋಡಿ ಕೆಲಸ ನಡೀತಿದ್ದ ವರ್ಷ" ಎನ್ನುತ್ತಾರೆ.

ಅವರಿಗೊಂದು ಕೊರಗಿದೆ. ಅವರು ನಿವೃತ್ತರಾದದ್ದು 58ಕ್ಕೆ. ಅದಾಗಿ ಎರಡೇ ವರ್ಷಕ್ಕೆ, 2008ರಲ್ಲಿ, ರಾಜ್ಯ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 60 ಮಾಡಿತು. ಕೈತಪ್ಪಿದ ಆ ಎರಡು ವರ್ಷದ ಸೇವೆಯನ್ನು ಅವರು ಬಿಟ್ಟುಕೊಟ್ಟಿಲ್ಲ; ಸಂಬಳವಿಲ್ಲದೆ ಮಾಡುತ್ತಲೇ ಇದ್ದಾರೆ. ಮದುವೆ ಛತ್ರದಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಗೋಡೆಯುದ್ದಕ್ಕೂ ಹೆಜ್ಜೆ ಹಾಕುತ್ತಿರುತ್ತಾರೆ. ಛತ್ರದವರು ಬರೆಸಿಕೊಂಡಷ್ಟು ಅಗಲ ಹಾಲ್ ಇದೆಯೋ ಇಲ್ಲವೋ, ಬೀಗರ ಊಟಕ್ಕೆ ಮುಂಚೆ ಗೊತ್ತಾಗಬೇಡವೆ?

ಇಷ್ಟೂ ಊರಿನವರಿಗೆ ಕೊಟ್ಟ ಕಾಟ. ನನಗೆ ಕೊಟ್ಟದ್ದನ್ನು ಈಗ ಹೇಳುತ್ತೇನೆ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಗ್ರಾಚ್ಯುಟಿ ದುಡ್ಡಿನಲ್ಲಿ ಅಪ್ಪನ ಹಳೇ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಿಸಿದೆ. ಗೃಹಪ್ರವೇಶಕ್ಕೆ ಹಾಲು ಪಕ್ಕದ ಮನೆಯ ಹಸುವಿನದು. ಅವರೂ ನಾವೂ ತಲೆಮಾರುಗಳಿಂದ ಹಿತಕಬೇಳೆ ಸಾರು, ಕಡುಬು ಬದಲಾಯಿಸಿಕೊಂಡು ಬಂದವರು. ಹಾಲು ಉಕ್ಕಿತು, ಹೆಂಗಸರು ಆರತಿ ಎತ್ತಿದರು, ಪಂಕ್ತಿ ಕೂತಿತು. ಪಕ್ಕದ ಮನೆಯ ಯಜಮಾನರು ನನ್ನ ಬಲಗಡೆಯೇ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಹಿತ್ತಲಿನಿಂದ ಭಾವ ಬಂದರು. ಪಂಚೆಯ ಅಂಚಿಗೆ ಮಣ್ಣು, ಮುಖದಲ್ಲಿ ಕಳೆ.

"ಬಾಮೈದ, ಒಂಬತ್ತಂಗುಲ ಒಳಗೆ ಬಂದವ್ರೆ."

"ಯಾರು ಭಾವ?"

"ಇವರೇ," ಎಂದು ತುಪ್ಪದ ಕಡೆ ಕೈ ತೋರಿಸಿದರು.

ಗ್ರಾಮಠಾಣದೊಳಗಿನ ಮನೆ ಜಾಗಕ್ಕೆ ಭಾವನ ಇಲಾಖೆಯ ಟಿಪ್ಪಣಿಯಿಲ್ಲ. ಅಲ್ಲಿ ಪಂಚಾಯಿತಿ ಖಾತೆಯುಂಟು, ಹಳೇ ಪತ್ರದ ಚಕ್ಕುಬಂದಿಯುಂಟು, ಅಷ್ಟೆ. ಇದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ಆದರೂ ಸಂಜೆ ನೆಂಟರು ಹೋಗುವಷ್ಟರಲ್ಲಿ ಅಪ್ಪನ ಕ್ರಯಪತ್ರವನ್ನು ಟ್ರಂಕಿನಿಂದ ಹೊರತೆಗೆಸಿದ್ದರು. ಪೂರ್ವಕ್ಕೆ ನುಗ್ಗೆಮರ ಎಂದಿತ್ತು. ಆ ಮರ ಬಿದ್ದು ಯಾವ ಕಾಲವಾಯಿತೋ. "ಬುಡ ಎಲ್ಲಿ ಹೋಗ್ತದೆ, ಇರ್ತದೆ," ಎಂದು ಮಾರನೆಯ ಬೆಳಗ್ಗೆ ಆಳಿನೊಂದಿಗೆ ಬಂದು ನಾನು ಹೊಸದಾಗಿ ಹಾಕಿಸಿದ್ದ ಅಂಗಳದ ಟೈಲ್ಸಿಗೆ ಹಾರೆ ಹಾಕಿಸಿದರು.

ಬುಡ ಸಿಗಲಿಲ್ಲ. ಸಿಕ್ಕಿದ್ದು ನನಗೆ ನಿದ್ದೆಗೇಡು. ಬ್ಯಾಂಕಿನವನ ಬುದ್ಧಿ ನೋಡಿ: ಒಂಬತ್ತಂಗುಲ ಅಗಲ, ನಲವತ್ತಡಿ ಉದ್ದ, ಒಟ್ಟು ಮೂವತ್ತು ಚದರಡಿ, ಇಂದಿನ ಲಕ್ಕೂರಿನ ದರಕ್ಕೆ ಗುಣಿಸಿ, ಇಷ್ಟು ವರ್ಷದ ಬಡ್ಡಿ ಸೇರಿಸಿದರೆ? ಎರಡು ಮನೆಗಳ ನಡುವಿನ ಗೋಡೆಯ ಪಕ್ಕ ಐವತ್ತು ವರ್ಷ ಓಡಾಡಿದವನಿಗೆ ಅದು ವಾಲಿರುವಂತೆ ಕಂಡಿತು. ಅವರ ಹಾಲು ತೆಳ್ಳಗಾಗಿದೆ ಎನ್ನಿಸಿತು. "ನೀರು ಬೆರೆಸ್ತಿದಾರೆ" ಎಂದಿದ್ದಕ್ಕೆ ಹೆಂಡತಿ, "ನಾನೇ ಬೆರೆಸ್ತಿರೋದು, ನಿಮಗೆ ಕೊಲೆಸ್ಟ್ರಾಲ್" ಎಂದಳು.

ಕಡೆಗೆ ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದು ನನ್ನ ಅಂಗಳದ ಗುಂಡಿಗಳನ್ನು ನೋಡಿದರು. "ಏನಪ್ಪ, ನಿಧಿ ಗಿಧಿ ಐತಾ?" ವಿಷಯ ಕೇಳಿಸಿಕೊಂಡು ಹೇಳಿದರು: "ಆ ಗೋಡೆ ಹಾಕ್ದಾಗ ದಾರ ಹಿಡ್ದೋನು ನಿಮ್ಮಪ್ಪನೇ."

"ದಾರ ಸಡಿಲ ಹಿಡಿದಿರಬೇಕು" ಎಂದರು ಭಾವ, ಬಿಡದೆ.

"ಸಡ್ಲಾಗೇ ಹಿಡ್ದ. ನಮ್ ಗಾಡಿ ತಿರುಗ್‌ಬೇಕಾಗಿತ್ತು."

ಭಾವ ಜೇಬಿನಿಂದ ಚೀಟಿ ತೆಗೆದು 'ಮೌಖಿಕ ಹೇಳಿಕೆ' ಎಂದು ಬರೆದುಕೊಂಡು, ಅಜ್ಜಿಯ ವಯಸ್ಸು ಕೇಳಿ ಅದನ್ನೂ ಬರೆದು, ಪ್ರಕರಣ ಮುಕ್ತಾಯ ಮಾಡಿದರು. ಟೈಲ್ಸ್ ಮತ್ತೆ ಹಾಕಿಸುವ ಖರ್ಚಿನ ಬಗ್ಗೆ ಇಲಾಖೆ ಮೌನ ವಹಿಸಿತು.

ನವೆಂಬರಿನಲ್ಲಿ ಪೆನ್ಷನ್ನಿಗಾಗಿ ತಾವು ಬದುಕಿದ್ದೇವೆಂದು ತೋರಿಸುವ ಕೆಲಸವನ್ನೂ ಭಾವ ಹದ್ದುಬಸ್ತಿನ ಗಾಂಭೀರ್ಯದಲ್ಲೇ ಮಾಡುತ್ತಾರೆ. 2014ರಲ್ಲಿ 'ಜೀವನ ಪ್ರಮಾಣ' ಬಂದಂದಿನಿಂದ ಬೆರಳೊತ್ತಿದರೆ ಸಾಕು ಎನ್ನುತ್ತಾರೆ. ಇವರ ಬೆರಳಿನ ಗೆರೆಗಳನ್ನು ಸರಪಳಿಯೇ ತಿಂದುಹಾಕಿದೆ. ಯಂತ್ರ ಒಪ್ಪುವುದಿಲ್ಲ. "ಬಾಂದುಕಲ್ಲು ಕಣ್ಮುಂದೆ ನಿಂತದೆ, ಇನ್ನೇನು ಸಾಕ್ಷಿ ಬೇಕಯ್ಯ?" ಎಂದು ಕೌಂಟರಿನ ಹುಡುಗನನ್ನು ಕೇಳುತ್ತಾರೆ. ನಾನು ಅತ್ತ ನೋಡುವುದಿಲ್ಲ. ಸರ್ವೀಸಿನಲ್ಲಿದ್ದಾಗ ಆ ಕಡೆ ಕೂತು ಇಂಥ ಎಷ್ಟು ಕಲ್ಲುಗಳನ್ನು ನಾಳೆ ಬನ್ನಿ ಎಂದು ಕಳಿಸಿದ್ದೇನೋ.

ಅಕ್ಕ ಸಾಮಾನ್ಯದವಳಲ್ಲ. ನಮ್ಮ ಪಕ್ಕದ ಹೋಬಳಿಯೇ ಮಾಸ್ತಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದವರೆಂದು ಭಾವನಿಗೆ ಅವರ ಮೇಲೆ ಸಲುಗೆ. "ನಮ್ ಕಡೆಯೋರು, ನಮ್ ರೆವಿನ್ಯೂನೋರು" ಎನ್ನುತ್ತಾರೆ. "ಅವರು ಕೆಲಸ ಬಿಟ್ಟಮೇಲೆ 'ಚಿಕವೀರ ರಾಜೇಂದ್ರ' ಬರೆದರು, ಜ್ಞಾನಪೀಠ ಬಂತು. ನೀವು ಕೆಲಸ ಬಿಟ್ಟಮೇಲೆ ನನ್ನ ಅಡುಗೆಮನೆ ಅಳೆದಿರಿ" ಎನ್ನುತ್ತಾಳೆ ಅಕ್ಕ.

ಮೊಬೈಲಿನಲ್ಲಿ 'ದಿಶಾಂಕ್' ಬಂದಾಗ ಈ ಮನುಷ್ಯ ಸುಮ್ಮನಾಗಬಹುದೆಂದು ನಾನು ಆಸೆಪಟ್ಟೆ. ನಿಂತ ಜಾಗದ ಸರ್ವೆ ನಂಬರನ್ನು ಅದೇ ಹೇಳುತ್ತದೆ. ಮೊಮ್ಮಗ ಹೊಲದಲ್ಲಿ ಅದನ್ನು ತೆರೆದು ತೋರಿಸಿದ. ಭಾವ ಬಾಂದುಕಲ್ಲಿನ ಈ ಪಕ್ಕ ನಿಂತರು, ಫೋನು ಆ ಪಕ್ಕದ ನಂಬರು ಹೇಳಿತು. "ಆಕಾಶದಿಂದ ನೋಡಿದ್ರೆ ಇನ್ನೇನಾಗ್ತದೆ," ಎಂದು ಗೆದ್ದ ನಗು ನಕ್ಕರು. ಆದರೆ ಆ ರಾತ್ರಿಯೇ ನನ್ನ ಮನೆಗೆ ಬಂದು, ಯಾರಿಗೂ ಹೇಳಬೇಡ ಎಂದು ತಮ್ಮ ಫೋನಿಗೂ ಅದನ್ನು ಹಾಕಿಸಿಕೊಂಡರು. ಅಲ್ಲಿಂದ ಕಾಟ ಜಿಲ್ಲೆ ದಾಟಿತು. ಬೆಂಗಳೂರಿನಲ್ಲಿ ಮಗನ ಅಪಾರ್ಟ್‌ಮೆಂಟಿಗೆ ಹೋದವರು ಹದಿನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಫೋನು ತೆರೆದರು, ಊರಿಗೆ ಬಂದು ಆ ಹಳ್ಳಿಯ ಹಳೇ ಗ್ರಾಮನಕ್ಷೆ ಸಂಪಾದಿಸಿದರು. ಮಗನ ಈಜುಕೊಳ ಇರುವ ಜಾಗದಲ್ಲಿ ಹಿಂದೆ ಹಳ್ಳ ಹರಿಯುತ್ತಿತ್ತಂತೆ. "ನೀರಿನ ಜಾಗದಲ್ಲಿ ನೀರೇ ಇದೆಯಲ್ಲ ಅಪ್ಪ, ಬಿಡಿ" ಎಂದ ಮಗ. ಈಗ ಅಲ್ಲಿನ ನಿವಾಸಿಗಳ ಸಂಘದ ಸಭೆ ಇದ್ದ ಭಾನುವಾರ ಅಪ್ಪನನ್ನು ಕರೆಸಿಕೊಳ್ಳುವುದಿಲ್ಲ.

ಒಂದು ದಿನ ಮಾತ್ರ ಭಾವ ಹೆಜ್ಜೆ ಎಣಿಸುವುದನ್ನು ಮರೆತದ್ದು ಕಂಡೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಮೊದಲು ನೀಲಗಿರಿ ತೋಪಾಗಿ, ಆಮೇಲೆ ತೋಪೂ ಹೋಗಿ, ಬಣ್ಣದ ಬಾವುಟ ಹಾರಿಸಿದ ಲೇಔಟು ಆಗಿದ್ದ ಕಡೆ ನಿಂತಿದ್ದೆವು. ಮೂವತ್ತು ನಲವತ್ತರ ಸೈಟುಗಳು. ಒಂದೊಂದು ಒಂದು ಗುಂಟೆ, ಒಂದೂವರೆ ಆಣೆ, ಮೇಲೆ ಚಿಲ್ಲರೆ. ಇಲ್ಲಿ ದಾಯಾದಿಗಳಿಬ್ಬರು ಒಂದು ಮೊಳ ಬದುವಿಗಾಗಿ ಕುಡುಗೋಲು ಹಿಡಿದು ನಿಂತಾಗ ತಾವು ನಡುವೆ ಸರಪಳಿ ಎಳೆದದ್ದನ್ನು ಹೇಳಿದರು. "ಇಬ್ಬರ ಮಕ್ಳೂ ಒಂದೇ ದಿನ ಒಂದೇ ಬ್ರೋಕರಿಗೆ ಸೈನ್ ಹಾಕಿದ್ರು ಬಾಮೈದ. ಬದು ಎಲ್ಲಿ ಅಂತ ಒಬ್ಬನೂ ಕೇಳ್ಲಿಲ್ಲ. ಒಂದು ಮೊಳಕ್ಕೆ ಹೊಡೆದಾಡೋನಿಗೆ ಹೊಲ ಬೇಕಾಗಿತ್ತು ಅಂತ ಅರ್ಥ." ಜಗಳವಿಲ್ಲದ್ದಕ್ಕೆ ದುಃಖಪಡುವ ಮನುಷ್ಯನಿಗೆ ಏನು ಸಮಾಧಾನ ಹೇಳುವುದು? ಅವರ ಸಮಾಧಾನದ ಬಗೆಯೇ ಬೇರೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಇವರು ಬಸ್ಸು ಹಿಡಿದು ನೋಡಲು ಹೋಗಿದ್ದರು. ಆ ನೀರಿನ ಗುಣದ ಬಗ್ಗೆ ಊರೆಲ್ಲ ವಾದಿಸುತ್ತಿದ್ದರೆ ಇವರು ಬಂದು ಹೇಳಿದ್ದು ಒಂದೇ: "ನೀರು ಎಲ್ಲೀವರೆಗೆ ನಿಂತಿತೋ ಅಲ್ಲೀವರೆಗೂ ಕೆರೆ. ತನ್ನ ಹದ್ದುಬಸ್ತು ತಾನೇ ಮಾಡ್ಕೊಂತು. ಫೀಸಿಲ್ಲ, ನೋಟೀಸಿಲ್ಲ."

ಲೇಔಟಿನಿಂದ ಬಂದ ಆ ಸಂಜೆ ಮನಸ್ಸು ಕರಗಿ ಅಕ್ಕನ ಹತ್ತಿರ, "ಪಾಪ, ಭಾವನ ಜೊತೆ ದಿನಾ ನಾನಾದರೂ ಹೋಗ್ತೀನಲ್ಲ" ಎಂದೆ. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ನಗು ತಡೆಯಲಾಗಲಿಲ್ಲ. "ಅವರೂ ಇದನ್ನೇ ಹೇಳ್ತಾರೆ ಕಣೋ. ಪಾಪ ನಿನ್ ತಮ್ಮ, ಠೇವಣಿ ಬಡ್ಡಿ, ಇನ್ಸ್‌ಪೆಕ್ಷನ್ನು ಅಂತ ಕೊರೀತಾನೆ, ಕೇಳೋರು ಯಾರೂ ಇಲ್ಲ, ನಾನಾದ್ರೂ ಕೇಳಬೇಕಲ್ಲ ಅಂತ." ನನ್ನ ಹೆಂಡತಿ ಅಡುಗೆಮನೆಯೊಳಗಿಂದ ಹೌದೆಂದು ತಲೆಯಾಡಿಸಿದ್ದು ಕಿಟಕಿಯಲ್ಲಿ ಕಂಡಿತು. ಈ ವಾಕಿಂಗಿನ ಏರ್ಪಾಟು ಯಾರದೆಂದು ನನಗೆ ಆಗ ತಿಳಿಯಿತು.

ಹೋದ ವಾರ ಭಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚೆನ್ನೈ ಎಕ್ಸ್‌ಪ್ರೆಸ್‌ವೇ ತೋರಿಸಲು ಹೋಗಿದ್ದೆ. ನಮ್ಮ ತಾಲ್ಲೂಕನ್ನು ಸೀಳಿಕೊಂಡು ಹೋಗುವ 262 ಕಿಲೋಮೀಟರಿನ ದಾರಿ. "ಇಪ್ಪತ್ತಾರು ಸಾವಿರ ಸರಪಳಿ" ಎಂದು ಅವರು ದಾರಿಯಲ್ಲೇ ಲೆಕ್ಕ ಹಾಕಿದರು. ಸ್ಕೂಟರಿಗೂ ಪಾದಚಾರಿಗೂ ಅಲ್ಲಿ ಪ್ರವೇಶವಿಲ್ಲ. ನಾನು ಗಾಡಿ ನಿಲ್ಲಿಸುವಷ್ಟರಲ್ಲಿ ಭಾವ ಬೇಲಿ ದಾಟಿ ಅಂಚಿನಲ್ಲಿ ಹೆಜ್ಜೆ ಹಾಕತೊಡಗಿದ್ದರು. ಕಾವಲಿನ ಹುಡುಗ ಸೀಟಿ ಊದುತ್ತ ಓಡಿಬಂದ. ಉತ್ತರದ ಯಾವುದೋ ರಾಜ್ಯದವನು. ಭಾವ ಕನ್ನಡದಲ್ಲಿ ಹೇಳಿದರು, ತೆಲುಗಿನಲ್ಲಿ ಹೇಳಿದರು, ತಮಿಳಿನಲ್ಲೂ ಹೇಳಿದರು. ಅವನಿಗೆ ಒಂದೂ ಅರ್ಥವಾಗಲಿಲ್ಲ. ಕೊನೆಗೆ ಅವನು ನಿಂತ ಜಾಗದತ್ತ ಬೆರಳು ಮಾಡಿ, ಇಂಗ್ಲಿಷಿನಲ್ಲಿ, ಇಲಾಖೆಯ ದನಿಯಲ್ಲಿ ಗುಡುಗಿದರು: "ಸರ್ವೆ ನಂಬರ್! ಗೌರ್ನ್‌ಮೆಂಟ್ ಸರ್ವೆ!"

ಹುಡುಗ ಸೀಟಿ ಬಾಯಿಂದ ತೆಗೆದು ಸಲ್ಯೂಟ್ ಹೊಡೆದ.

"ನೋಡ್ದಾ ಬಾಮೈದ?" ಎಂದರು ಭಾವ ನನ್ನತ್ತ ತಿರುಗಿ. "ಸುಮ್ನೆ ಯಾಕೆ ನಿಂತೆ, ಆ ತುದಿ ಹಿಡಿ." ಪಂಚೆಯ ಮಡಿಕೆಯಿಂದ ಟೇಪು ಆಗಲೇ ಹೊರಬಂದಿತ್ತು. ಹುಡುಗನೇ ಓಡಿಹೋಗಿ ತುದಿ ಹಿಡಿದುಕೊಂಡ. ನಾನು ಬರೆದುಕೊಳ್ಳಲು ಪೆನ್ನು ಹುಡುಕಿದೆ.