ಹಾಲ್‌ಮಿಡಿ ಶಾಸನ ಮತ್ತು ರಟ್ಟಿನ ವಾಸ್ತುಶಿಲ್ಪ: ಒಂದು ಗೃಹಕೃತ್ಯಾತ್ಮಕ ಅಧ್ಯಯನ

ಪೀಠಿಕೆ

ಕರ್ನಾಟಕದ ಶಾಸನಗಳ ಬಗ್ಗೆ ಸಾಕಷ್ಟು ಕೆಲಸವಾಗಿದೆ ಎಂಬುದು ಒಂದು ತಪ್ಪು ತಿಳಿವಳಿಕೆ. ಬಿ.ಎಲ್. ರೈಸ್ ಅವರು ಹಳೇ ಮೈಸೂರು ಸೀಮೆಯ ಊರೂರು ಅಲೆದು, 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟ ಹೊರತಂದರು, ನಿಜ. ಆದರೆ ಅವರು ನೋಡಿದ್ದೆಲ್ಲ ಹೊರಗಿನ ಕಲ್ಲು. ದೇವಸ್ಥಾನದ ಗೋಡೆ, ಕೆರೆಯ ಏರಿ, ಹೊಲದ ಬದು. ಯಾರದಾದರೂ ಮನೆಯೊಳಗೆ ಹೋಗಿ ಸೋಫಾ ಸರಿಸಿ ನೋಡಿದ ದಾಖಲೆಯಿಲ್ಲ. ಅವರ ನಂತರದ ವಿದ್ವಾಂಸರೂ ಈ ಲೋಪವನ್ನು ಸರಿಪಡಿಸಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಅವರಲ್ಲಿ ಬಹುಪಾಲು ಗಂಡಸರು. ಮಕ್ಕಳು ಗೋಡೆ ಮೇಲೆ ಗೀಚುವ ಹೊತ್ತಿಗೆ ಸರಿಯಾಗಿ ಅವರು ಶಾಸನ ಹುಡುಕಲು ಹೋಗಿರುತ್ತಿದ್ದರು.

ಪ್ರಸ್ತುತ ಅಧ್ಯಯನದ ಕ್ಷೇತ್ರ ಮೈಸೂರಿನ ಒಂದು ಎರಡನೇ ಮಹಡಿಯ ಮನೆ. ನಿವಾಸಿಗಳು: ಒಂದನೇ ಕ್ಲಾಸಿನ ಮಗಳು, ಮೂರು ತುಂಬಿದ ಮಗ, ಮಕ್ಕಳ ಅಪ್ಪ, ಅತ್ತೆಯವರು ಮತ್ತು ಈ ಲೇಖಕಿ. ಮೊದಲಿಬ್ಬರು ಶಿಲ್ಪಿಗಳು. ಉಳಿದವರು ಸಾಮಗ್ರಿ ಒದಗಿಸುವವರು, ಕತ್ತಲಲ್ಲಿ ಅದರ ಮೇಲೆ ಕಾಲಿಟ್ಟು ಕೂಗುವವರು.

ಗೋಡೆ ಶಾಸನಗಳು

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ 16 ಸಾಲುಗಳಿವೆ. ಅದರ ಕಾಲ ಸುಮಾರು ಕ್ರಿ.ಶ. 450. ನಮ್ಮದರಲ್ಲಿ ಇರುವುದು ಒಂದೇ ಸಾಲು. ಅದು ಸೋಫಾದ ಹಿಂದೆ ಆರಂಭವಾಗಿ, ಸ್ವಿಚ್‌ಬೋರ್ಡಿನ ಕೆಳಗೆ ಹಾದು, ದೇವರಮನೆಯ ಬಾಗಿಲವಾಡದ ತನಕ ಎಲ್ಲೂ ಕೈಯೆತ್ತದೆ ಸಾಗಿದೆ. ಇದನ್ನು ‘ಹಾಲ್‌ಮಿಡಿ ಶಾಸನ’ ಎಂದು ಕರೆಯಬಹುದೆಂದು ಮಕ್ಕಳ ಅಪ್ಪ ಸೂಚಿಸಿದರು. ಈ ಅಧ್ಯಯನಕ್ಕೆ ಅವರ ಕೊಡುಗೆ ಇಷ್ಟೇ.

ಪ್ರಾಚೀನ ಶಾಸನಗಳ ಅರ್ಥವನ್ನು ಕರ್ತೃವಿನಿಂದಲೇ ಕೇಳಿ ತಿಳಿಯುವ ಭಾಗ್ಯ ರೈಸ್ ಅವರಿಗೆ ಇರಲಿಲ್ಲ. ಈ ಲೇಖಕಿಗಿತ್ತು.

“ಇದೇನೋ ಪುಟ್ಟಾ?”

“ರೈಲು.”

“ಎಲ್ಲಿ, ಬರೀ ಗೆರೆ ಇದೆಯಲ್ಲೋ. ರೈಲೆಲ್ಲಿ?”

“ಹೋಯ್ತು.”

ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಶಾಸನಸಾಹಿತ್ಯದಲ್ಲೇ ಅಪರೂಪ.

ಇನ್ನು ಕಾಲನಿರ್ಣಯ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಪದರಗಳನ್ನು ಬಹಳ ನೆಚ್ಚಿಕೊಂಡಿದ್ದವರು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಮನೆಯಲ್ಲಿ ಒಂದೇ ಮಗುವಿರುವವರೆಗೆ ಈ ಸೂತ್ರ ಗೋಡೆಗೂ ಸಲ್ಲುತ್ತದೆ. ಮಗು ಎತ್ತರವಾದಂತೆ ಗೀಚೂ ಮೇಲೇರುತ್ತದೆ. ಎರಡನೆಯದು ಹುಟ್ಟಿ ಎದ್ದು ನಿಂತ ದಿನ ವೀಲರ್ ಪದ್ಧತಿ ಕುಸಿಯುತ್ತದೆ. ಅಕ್ಕನ ಪ್ರಾಚೀನ ಸೂರ್ಯನ ಮೇಲೆಯೇ ತಮ್ಮನ ಅರ್ವಾಚೀನ ರೈಲು. ಸೋಫಾದ ಕೈ ಹತ್ತಿ ನಿಂತು ಬರೆದವನ್ನು ಈ ಲೇಖಕಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅವು ಮೋಸ.

ಲಿಪಿಯ ಆಧಾರ ಇದಕ್ಕಿಂತ ಗಟ್ಟಿ. ಫ್ಯಾನಿನ ರೆಗ್ಯುಲೇಟರ್ ಕೆಳಗೆ ‘ಅಮ’ ಎಂಬ ಬರಹವಿದೆ. ಇದು ಒತ್ತಕ್ಷರಪೂರ್ವ ಯುಗದ್ದು, ಅಂದರೆ ಎಲ್‌ಕೆಜಿ. ಪಕ್ಕದಲ್ಲಿ ‘ಅಮ್ಮ’ ಎಂದಿದೆ. ಒತ್ತು ಬಂದಿದೆ, ಆದರೆ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿದೆ. ಯುಕೆಜಿ, ದಸರಾ ರಜೆಗೆ ಮುಂಚೆ. ಮೂರನೆಯದು ಅಡುಗೆಮನೆ ಬಾಗಿಲಿನ ಹತ್ತಿರ: ‘ಅಮ್ಮ ಕೆಟವಳು’. ಇಲ್ಲಿ ಒತ್ತು ಮರಳಿ ಲುಪ್ತವಾಗಿರುವುದರಿಂದ ಇದೂ ಎಲ್‌ಕೆಜಿ ಕಾಲದ್ದೆಂದು ಅತ್ತೆಯವರ ವಾದ. ಈ ಲೇಖಕಿಯ ಅಭಿಪ್ರಾಯ ಬೇರೆ. ಸಿಟ್ಟು ಬಂದಾಗ ಒತ್ತಕ್ಷರ ಬಿದ್ದುಹೋಗುವುದು ಎಲ್ಲ ಯುಗಗಳಲ್ಲೂ ಕಂಡುಬರುವ ಸಂಗತಿ.

ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬ್ರಷ್ಷಿನಿಂದ ಬಡಿದು ಕೂರಿಸಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ನಮ್ಮಲ್ಲಿ ಬಳಸಿದ್ದು ಒದ್ದೆ ಬಟ್ಟೆ, ಆಮೇಲೆ ಪಾತ್ರೆ ತೊಳೆಯುವ ಸೋಪು, ಕೊನೆಗೆ ಟೂತ್‌ಪೇಸ್ಟ್. ಸುತ್ತಲಿನ ಗೋಡೆ ಬೆಳ್ಳಗಾಗಿ ಶಾಸನ ಇನ್ನಷ್ಟು ಎದ್ದು ಕಂಡಿತು. ಗೋಡೆಗೆ ಬಣ್ಣ ಹೊಡೆಯುವವರನ್ನು ಕರೆಸಿದಾಗ ಅವರು ಉಗುರಿನಿಂದ ಕೆರೆದು ನೋಡಿ, “ಮೇಣ ಮೇಡಂ. ಇದರ ಮೇಲೆ ಎಷ್ಟು ಕೋಟ್ ಹೊಡೆದ್ರೂ ಬಣ್ಣ ಕೂರಲ್ಲ. ಮೊದ್ಲು ಉಜ್ಜಿಸ್ಬೇಕು” ಎಂದರು. ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ 1903ರಲ್ಲಿ ಮಕ್ಕಳಿಗಾಗಿ ಮೇಣದ ಬಣ್ಣದ ಕಡ್ಡಿಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಎಂಟು ಕಡ್ಡಿಯ ಡಬ್ಬಿಗೆ ಐದು ಸೆಂಟ್ ಬೆಲೆಯಿತ್ತು. ಉಜ್ಜಿಸುವ ಕೂಲಿ ಅದರಲ್ಲಿ ಸೇರಿರಲಿಲ್ಲ.

ರಟ್ಟಿನ ವಾಸ್ತುಶಿಲ್ಪ

ಈ ಮನೆತನದ ಕಲೆ ಗೋಡೆಯಿಂದ ನೆಲಕ್ಕಿಳಿದು ಮೂರು ಆಯಾಮ ಪಡೆದದ್ದು ಹೊಸ ಫ್ರಿಜ್ ಬಂದ ಮೇಲೆ. ಡೆಲಿವರಿಯವರು ಫ್ರಿಜ್ಜನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಡಬ್ಬವನ್ನು ಮಡಚಿ ಒಯ್ಯಲು ಹೊರಟಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು. ಅವರು ನಕ್ಕು ಬಿಟ್ಟುಹೋದರು. ಕರ್ನಾಟಕದ ವಾಸ್ತು ಇತಿಹಾಸದಲ್ಲಿ ರಾಜಾಶ್ರಯದ ಉದಾಹರಣೆಗಳು ಬಹಳ. ಡೆಲಿವರಿ ಆಶ್ರಯದ್ದು ಇದೊಂದೇ ಇರಬಹುದು.

ರಟ್ಟಿನ ಹುಟ್ಟೂ ಗಂಭೀರವಾದದ್ದೇನಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ಸುಕ್ಕುಗಟ್ಟಿಸಿದ ಕಾಗದಕ್ಕೆ ಪೇಟೆಂಟ್ ಪಡೆದದ್ದು ಗಂಡಸರ ಎತ್ತರದ ಟೋಪಿಗಳ ಒಳಪದರಕ್ಕೆಂದು. ಸಾಮಾನು ಕಟ್ಟಲು ಅದು ಬಳಕೆಗೆ ಬಂದದ್ದು ಆಮೇಲೆ. ಅಮೆರಿಕದ ರಾಚೆಸ್ಟರ್ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಶ್ರೇಷ್ಠ ಆಟಿಕೆಗಳ ಗೌರವಪಟ್ಟಿಯಿದೆ. 2005ರಲ್ಲಿ ಖಾಲಿ ರಟ್ಟಿನ ಡಬ್ಬಕ್ಕೂ, 2008ರಲ್ಲಿ ಬರಿಯ ಕೋಲಿಗೂ ಅಲ್ಲಿ ಜಾಗ ಸಿಕ್ಕಿತು. ಮಗನ ಹುಟ್ಟುಹಬ್ಬಕ್ಕೆ ಸೋದರಮಾವ ತಂದ ರಿಮೋಟ್ ಹೆಲಿಕಾಪ್ಟರು ಬೀರುವಿನ ಮೇಲೆ ಧೂಳು ತಿನ್ನುತ್ತಿರುವುದನ್ನು ಕಂಡವರಿಗೆ ಆ ಪಟ್ಟಿ ತಯಾರಿಸಿದವರ ಮನೆಯಲ್ಲಿ ಮಕ್ಕಳಿದ್ದರೆಂಬ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಫ್ರಿಜ್ ಡಬ್ಬದ ನಿರ್ಮಾಣದ ಹಂತಗಳನ್ನು ಗುರುತಿಸುವುದು ಸುಲಭ. ಮೊದಲು ಮನೆ. ಒಂದು ಬಾಗಿಲು, ಒಂದು ಕಿಟಕಿ. ಆಮೇಲೆ ಅಂಗಡಿ, ಕಿಟಕಿ ಅಗಲವಾಯಿತು. ಅನಂತರ ಬಸ್ಸು, ಸಾಲಾಗಿ ಕಿಟಕಿಗಳು ಬಂದವು. ಐಹೊಳೆಯ ಗುಡಿಯೊಂದರಲ್ಲಿ ಹಿಂದೆ ವಾಸವಿದ್ದವನ ಹೆಸರೇ ಉಳಿದು ಅದು ಲಾಡ್‌ಖಾನ್ ಗುಡಿಯಾಯಿತು. ನಮ್ಮ ಡಬ್ಬಕ್ಕೂ ಒಳಗೆ ಕೂತವರು ಆ ಹೊತ್ತು ಏನೆನ್ನುತ್ತಾರೋ ಅದೇ ಹೆಸರು. ಹೊರಗಿನಿಂದ ನೋಡಿ ತೀರ್ಮಾನಿಸುವವರು ಎಡವುತ್ತಾರೆ. ಸಾಕ್ಷ್ಯಕ್ಕೆ ಒಂದು ಸಂಜೆಯ ಸಂಭಾಷಣೆ:

“ಎಲ್ಲಿಗಮ್ಮಾ?”

“ಅಡುಗೆಮನೆಗೆ ಕಣೇ. ಕುಕ್ಕರ್ ಕೂಗ್ತಿದೆ, ದಾರಿ ಬಿಡು.”

“ಈ ಬಸ್ಸು ಅಡುಗೆಮನೆಗೆ ಹೋಗಲ್ಲ. ಮಡಿಕೇರಿಗೆ. ಹುಣಸೂರಲ್ಲಿ ಇಳ್ಕೋತೀರಾ?”

“ಹೂಂ, ಹುಣಸೂರು ಒಂದು.”

“ಚಿಲ್ಲರೆ ಕೊಡಿ. ಇಲ್ಲಾಂದ್ರೆ ಟಿಕೆಟ್ ಹಿಂದೆ ಬರ್ಕೊಡ್ತೀನಿ.”

ಬರೆದೇ ಕೊಟ್ಟಳು. ಆ ಚೀಟಿ ಈಗಲೂ ಸಾಸಿವೆ ಡಬ್ಬಿಯ ಕೆಳಗಿದೆ. ಬಾಕಿ ಬಂದಿಲ್ಲ. ಮೂರನೇ ಶಿಳ್ಳೆಗೆ ಹಿಂದಿನ ಸೀಟಿನಿಂದ ತಮ್ಮ “ರೈಟ್ ರೈಟ್” ಎಂದದ್ದರಿಂದ ಅನ್ನ ಮುದ್ದೆಯಾಗದೆ ಉಳಿಯಿತು.

ಕೊನೆಯ ಹಂತದಲ್ಲಿ ಕಟ್ಟಡದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚಾಗಿ, ಮಧ್ಯಕ್ಕೆ ಬಾಗಿತು. ಆಗ ಅದನ್ನು ಮಲಗಿಸಿ ದೋಣಿ ಎಂದರು. ಕುಸಿದದ್ದನ್ನು ಹೊಸ ಶೈಲಿ ಎಂದು ಘೋಷಿಸುವ ಧೈರ್ಯ ವೃತ್ತಿಪರ ವಾಸ್ತುಶಿಲ್ಪಿಗಳಿಗೂ ಇದ್ದಿದ್ದರೆ ಎಷ್ಟೋ ಗುತ್ತಿಗೆದಾರರ ಕಷ್ಟ ತಪ್ಪುತ್ತಿತ್ತು.

ಶಿಲ್ಪಿಯ ಅಂಕಿತದ ಬಗ್ಗೆ ಒಂದು ಮಾತು. ಸೋಮನಾಥಪುರದಲ್ಲಿ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಅಡಿಯಲ್ಲಿ ಹೆಸರು ಕೆತ್ತಿದ್ದಾನೆ. ನಮ್ಮ ಶಿಲ್ಪಿ ಹೆಸರನ್ನು ಮೊದಲು ಬರೆದು, ಉಳಿದ ಜಾಗದಲ್ಲಿ ಕೃತಿ ರಚಿಸುತ್ತಾಳೆ. ಹಲವು ಸಲ ಜಾಗ ಉಳಿದಿರುವುದಿಲ್ಲ.

ಅಂಟಿನ ವಿಚಾರ

ಅಂಟುಗಳಲ್ಲಿ ಎರಡು ಸಂಪ್ರದಾಯ. ಅತ್ತೆಯವರದು ಅನ್ನದ ಅಗುಳು. ಬೆರಳಲ್ಲಿ ಹಿಸುಕಿ ಹಚ್ಚಿದರೆ ಆಯಿತು. ರಾತ್ರಿ ಒಂಬತ್ತಕ್ಕೆ ಅಂಗಡಿಗೆ ಓಡಬೇಕಿಲ್ಲ. ಬೆಳಿಗ್ಗೆ ಇರುವೆಗಳು ಬಂದು ಕೃತಿಯನ್ನು ವಿಮರ್ಶಿಸುತ್ತವೆ ಎಂಬುದೊಂದೇ ದೋಷ. ಎರಡನೆಯದು ಫೆವಿಕಾಲ್. 1959ರಲ್ಲಿ ಬಂದ ಈ ಬಿಳಿ ಅಂಟು ಬಡಗಿಗಳಿಗೆಂದು ಮಾಡಿದ್ದು. ಒಣಗಿದ ಮೇಲೆ ಅಂಗೈಯಿಂದ ಪೊರೆಯಂತೆ ಸುಲಿದು ತೆಗೆಯುವುದೇ ಅದರ ಮುಖ್ಯ ಪ್ರಯೋಜನವೆಂದು ಮಕ್ಕಳು ಕಂಡುಕೊಂಡಿದ್ದಾರೆ. ಒಂದು ಡಬ್ಬಿ ಅಂಟಿನಲ್ಲಿ ಕಾಗದಕ್ಕೆ ಹೋಗುವ ಪಾಲು

(ಇಲ್ಲಿ ಹಸ್ತಪ್ರತಿಯ ಒಂದು ಗರಿ ಲುಪ್ತ. ವಿಮಾನವಾಗಿ ಪಕ್ಕದ ಮನೆಯ ಬಾಲ್ಕನಿಯಲ್ಲಿದೆ. ಅವರು ಊರಿನಲ್ಲಿಲ್ಲ.)

ಪ್ರಕ್ಷಿಪ್ತ ಭಾಗಗಳು

ಶಾಲೆಯ ಪ್ರಾಜೆಕ್ಟ್‌ಗಳನ್ನು ಈ ಅಧ್ಯಯನದಿಂದ ಹೊರಗಿಟ್ಟಿದೆ. ಅವು ಮಕ್ಕಳ ಕೃತಿಗಳಲ್ಲ. ‘ನಾಳೆ ತರ್ಬೇಕಂತೆ’ ಎಂದು ಮಲಗುವ ಹೊತ್ತಿನಲ್ಲಿ ಉದ್ಭವಿಸುವ ಈ ಸಾಹಿತ್ಯದ ಕರ್ತೃಗಳು ಹನ್ನೊಂದು ಗಂಟೆಗೆ ಥರ್ಮಾಕೋಲ್ ಕೊಯ್ಯುತ್ತ ಶನಿಗ್ರಹದ ಬಳೆಗೆ ನಿಜವಾದ ಬಳೆಯನ್ನೇ ಅಂಟಿಸುವವರು. ಅದಕ್ಕೆ ಬಂದ ‘ವೆರಿ ಗುಡ್’ ಅನ್ನು ಈ ಲೇಖಕಿ ಸ್ವೀಕರಿಸಿದ್ದಾಳೆ.

ನವರಾತ್ರಿಯ ಪಾರ್ಕು

ಇಷ್ಟರವರೆಗಿನ ಕೃತಿಗಳು ಬಿಡಿ ಮುಕ್ತಕಗಳು. ಮಹಾಕಾವ್ಯವೆಂದರೆ ಗೊಂಬೆ ಹಬ್ಬದ ಪಾರ್ಕು. ಮೈಸೂರಿನ ಮನೆಗಳಲ್ಲಿ ದಸರೆಗೆ ಬೆಸ ಸಂಖ್ಯೆಯ ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸುವುದು ದೊಡ್ಡವರ ಕೆಲಸ. ಮೆಟ್ಟಿಲಿನ ಮುಂದಿನ ನೆಲ ಮಕ್ಕಳ ಆಳ್ವಿಕೆಗೆ ಸೇರಿದ್ದು. ಅಗಲದ ತಟ್ಟೆಯಲ್ಲಿ ಜರಡಿ ಹಿಡಿದ ಮಣ್ಣು ಹರಡಿ, ರಾಗಿ ಚೆಲ್ಲಿ, ಒದ್ದೆ ಗೋಣಿತಾಟು ಮುಚ್ಚಬೇಕು. ಮೊಳಕೆ ಕಂಡ ಮೇಲೆ ತಾಟು ತೆಗೆದು ನೀರು ಚಿಮುಕಿಸಬೇಕು. ಕನ್ನಡಿಯ ಅಂಚಿಗೆ ಮಣ್ಣು ಮೆತ್ತಿದರೆ ಕೊಳ. ಮರಳು ಸುರಿದರೆ ರಸ್ತೆ.

ಆದರೆ ಇಲ್ಲೊಂದು ಶಾಸ್ತ್ರೀಯ ತೊಡಕಿದೆ. ಪಾಡ್ಯದಂದು ಗೊಂಬೆ ಕೂರಿಸುವಾಗ ಪೈರು ಹಸಿರಾಗಿರಬೇಕಾದರೆ ನಾಲ್ಕೈದು ದಿನ ಮುಂಚೆ ಬಿತ್ತಬೇಕು. ಆಗ ಪಿತೃಪಕ್ಷ. ಪಕ್ಷದಲ್ಲಿ ಹೊಸ ಕೆಲಸ ಆರಂಭಿಸಬಾರದು. ಸೀರೆ ಕೂಡ ಕೊಳ್ಳಬಾರದೆಂದು ಈ ಲೇಖಕಿಗೆ ವರ್ಷವರ್ಷವೂ ನೆನಪಿಸಲಾಗುತ್ತದೆ. ಹಾಗಾದರೆ ರಾಗಿ? ಪ್ರಶ್ನೆಯನ್ನು ಅತ್ತೆಯವರ ಮುಂದಿಡಲಾಯಿತು. ಅವರು ಹೂಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತದೆ, “ಮಕ್ಕಳಾಟಕ್ಕೆ ಎಲ್ಲಿಯ ಪಕ್ಷವೇ? ಬಿತ್ಲಿ ಬಿಡು” ಎಂದರು. ಸೀರೆಯ ವಿಚಾರದಲ್ಲಿ ಈ ತೀರ್ಪನ್ನು ಮೇಲ್ಪಂಕ್ತಿಯಾಗಿ ಬಳಸಲು ಮಾಡಿದ ಯತ್ನ ಫಲಿಸಲಿಲ್ಲ.

ಪಾರ್ಕಿನಲ್ಲಿ ಪ್ರಮಾಣಬದ್ಧತೆ ಎಂಬುದಿಲ್ಲ. ಬಿಸ್ಕತ್ತಿನ ಡಬ್ಬದ ರಟ್ಟಿನಿಂದ ಮಾಡಿದ ಅರಮನೆಗಿಂತ ಕೊಳದ ಬಾತುಕೋಳಿ ದೊಡ್ಡದು. ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ರಾಜರಾಣಿಯರ ಪಕ್ಕದಲ್ಲಿ ರಬ್ಬರಿನ ಡೈನೋಸಾರ್ ಬಾಯ್ತೆರೆದು ನಿಂತಿದೆ. ಜಂಬೂಸವಾರಿಯ ಆನೆ ಒಂದು ಕಾಲು ಮುರಿದದ್ದರಿಂದ ಮಲಗಿದೆ. ಕೇಳಿದವರಿಗೆ ‘ಮಾವುತ ಊಟಕ್ಕೆ ಹೋಗಿದ್ದಾನೆ’ ಎಂಬ ವಿವರಣೆ.

ಎಲ್ಲಕ್ಕಿಂತ ಗಮನಾರ್ಹ ಬೆಳವಣಿಗೆ ಶೆಟ್ಟರ ಅಂಗಡಿಯದು. ಶೆಟ್ಟಿ ಮತ್ತು ಶೆಟ್ಟಮ್ಮನ ಗೊಂಬೆಗಳ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಗುಡ್ಡೆ ಇಡುವುದು ಹಳೆಯ ರೂಢಿ. ಈ ಸಲ ಬೆಲ್ಲದ ಗುಡ್ಡೆಗೆ ಕಡ್ಡಿ ಚುಚ್ಚಿ ಒಂದು ಚೌಕ ಕಾಗದ ನಿಲ್ಲಿಸಲಾಗಿತ್ತು. ಕಪ್ಪು ಸ್ಕೆಚ್ ಪೆನ್ನಿನಲ್ಲಿ ತುಂಬಿದ ಸಣ್ಣ ಸಣ್ಣ ಮನೆಗಳು, ಮೂರು ಮೂಲೆಗೆ ಮೂರು ದೊಡ್ಡ ಚೌಕ. ಕ್ಯೂಆರ್ ಕೋಡ್. ಅರಿಶಿನ ಕುಂಕುಮಕ್ಕೆ ಬಂದಿದ್ದ ಕೆಳಗಿನ ಮನೆಯವರು ಸುಮ್ಮನಿರಲಾರದೆ ಫೋನ್ ತೆಗೆದು ಹಿಡಿದರು. ಏನೂ ಆಗಲಿಲ್ಲ. “ನೆಟ್‌ವರ್ಕ್ ಇಲ್ಲ ಆಂಟಿ, ಕ್ಯಾಷ್ ಕೊಡಿ” ಎಂದು ಶೆಟ್ಟರ ಪರವಾಗಿ ಮಗ ಕೈ ಚಾಚಿದ. ಹತ್ತು ರೂಪಾಯಿ ವಸೂಲಾಯಿತು.

ವಿಜಯದಶಮಿಯ ಹೊತ್ತಿಗೆ ಪೈರು ಅರಮನೆಯ ಗೋಪುರ ಮೀರಿ ಬೆಳೆದು ಒಂದು ಕಡೆಗೆ ವಾಲಿತ್ತು. ಕತ್ತರಿಸೋಣವೆಂದರೆ ಇಬ್ಬರೂ ಒಪ್ಪಲಿಲ್ಲ. ಅದು ಈಗ ಪಾರ್ಕಲ್ಲ, ಬಂಡೀಪುರವಂತೆ. ಡೈನೋಸಾರ್ ಒಳಗೆಲ್ಲೋ ಇತ್ತು.

ವಿಸರ್ಜನೆ ಮತ್ತು ಶಾಪಾಶಯ

ಮಾಡಿ ಮುಗಿದ ವಸ್ತುವಿನ ಬಗ್ಗೆ ಈ ಶಿಲ್ಪಿಗಳಿಗೆ ಆಸಕ್ತಿಯಿಲ್ಲ. ವಾರಗಟ್ಟಲೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಎಸೆಯಲೆಂದು ಯಾರಾದರೂ ಕೈಗೆತ್ತಿಕೊಂಡ ಕ್ಷಣ ಅದು ಪ್ರಾಣಕ್ಕಿಂತ ಪ್ರಿಯವಾಗುತ್ತದೆ. ಆದ್ದರಿಂದ ವಿಸರ್ಜನೆಯನ್ನು ಅವರು ಮಲಗಿದ ಮೇಲೆ, ಒಣಕಸದ ಚೀಲದಲ್ಲಿ, ಮೇಲೆ ಪೇಪರ್ ಮುಚ್ಚಿ ನಡೆಸುವುದು ವಾಡಿಕೆ.

ದಾನಶಾಸನಗಳ ಕೊನೆಯಲ್ಲಿ ಶಾಪಾಶಯವಿರುತ್ತದೆ. ಇದನ್ನು ಅಳಿಸಿದವರಿಗೆ ವಾರಣಾಸಿಯಲ್ಲಿ ಕಪಿಲೆಗಳನ್ನು ಕೊಂದ ಪಾಪ ಬರಲಿ ಎಂಬಂಥವು. ಕಸ ಒಯ್ಯುವ ಗಾಡಿ ಬರುವ ಹಿಂದಿನ ರಾತ್ರಿ ಫ್ರಿಜ್ ಡಬ್ಬವನ್ನು ಮಡಚಲು ಹೋದಾಗ ಅದರ ತಳದಲ್ಲಿ ಹೊಸ ಶಾಸನವೊಂದು ಪತ್ತೆಯಾಯಿತು. ನೇರಳೆ ಬಣ್ಣ, ಪ್ರೌಢ ಲಿಪಿ, ಒತ್ತಕ್ಷರಗಳೆಲ್ಲ ಸ್ವಸ್ಥಾನದಲ್ಲಿ: ‘ಇದನ್ನ ಎಸೆದವರು ನನ್ನ ಬರ್ತ್‌ಡೇಗೆ ಬರಬಾರದು.’

ಅತ್ತೆಯವರು ತಮಗೆ ಸೊಂಟನೋವು ಎಂದರು. ಈ ಲೇಖಕಿ ಸಂಶೋಧಕಿಯಾದ್ದರಿಂದ ಆಕರಗಳನ್ನು ನಾಶಮಾಡುವಂತಿಲ್ಲ. ಮಕ್ಕಳ ಅಪ್ಪ, ಬರಹವಿದ್ದ ಮೈಯನ್ನು ಒಳಕ್ಕೆ ಮಡಚಿ, ಚಪ್ಪಲಿ ಮೆಟ್ಟದೆ ಕೆಳಗಿಳಿದು ಇಟ್ಟುಬಂದರು.

ಜನವರಿಯ ಹುಟ್ಟುಹಬ್ಬಕ್ಕೆ ಕರೆಯಬೇಕಾದವರ ಪಟ್ಟಿ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಅಪ್ಪನ ಹೆಸರಿಲ್ಲ. ಎರಡನೇ ಸಾಲಿನಲ್ಲಿ ‘ಡಬ್ಬ ಕೊಟ್ಟ ಅಂಕಲ್’ ಎಂದಿದೆ.